ಕ್ಲೋಟ್ರಿಮಜೋಲ್ ಮೌತ್ ಪೇಂಟ್: ಬಿಳಿ ಮಚ್ಚೆಯ ಬಾಯಿಗೆ ಎಷ್ಟು ಉಪಯೋಗ?

ಮೆಡಿಕಲ್ ಸ್ಟೋರಿಗೆ ಹೋಗಿ "ಬಾಯೊಳಗೆ ಬೆಳ್ಳಗಾಗಿದೆ, ಖಾರ ತಿಂದರೆ ಉರಿ" ಎಂದರೆ ಹೆಚ್ಚಾಗಿ ಕೈಗೆ ಬರುವುದು ಒಂದು ಪಟ್ಟಿ ಬಿ ಕಾಂಪ್ಲೆಕ್ಸ್, ಜೊತೆಗೆ 1% ಕ್ಲೋಟ್ರಿಮಜೋಲ್ ಇರುವ ಮೌತ್ ಪೇಂಟ್. ಗ್ಲೆನ್‌ಮಾರ್ಕ್‌ನ ಕ್ಯಾಂಡಿಡ್ ಎಲ್ಲರಿಗೂ ಗೊತ್ತಿರುವ ಹೆಸರು. ಬೇರೆ ಕಂಪನಿಗಳವೂ ಇವೆ, ಒಳಗಿನ ಔಷಧ ಅದೇ. ಮಗುವಿನ ನಾಲಿಗೆಯ ಬಿಳುಪಿಗೆ ಇದು ಹಳೆಯ, ನಂಬಿಕೆಯ ಮದ್ದು. ಅದರ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಲ್ಯೂಕೋಪ್ಲೇಕಿಯಾ (ಒರೆಸಿದರೂ ಹೋಗದ ಬಿಳಿ ಮಚ್ಚೆ), ಲೈಕೆನ್ ಪ್ಲೇನಸ್ (ಬಾಯೊಳಗೆ ಬಿಳಿ ಗೆರೆ, ಉರಿ ತರುವ ದೀರ್ಘಕಾಲದ ಉರಿಯೂತ) ಅಥವಾ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲು ಆಗದ ಕಾಯಿಲೆ) ಇರುವವರು, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದೆಂದು ವೈದ್ಯರು ಕಣ್ಣಿಟ್ಟಿರುವ ಬಾಯಿಯವರು, ಇದನ್ನು ಕೊಂಡರೆ ಏನು ಸಿಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಯೀಸ್ಟ್, ಅಂದರೆ ಬಾಯಲ್ಲಿ ಬಿಳುಪು ತರುವ ಕ್ಯಾಂಡಿಡಾ ಎಂಬ ಶಿಲೀಂಧ್ರದ ಮಟ್ಟಿಗೆ ಔಷಧ ಚೆನ್ನಾಗಿದೆ. ಕ್ಯಾಂಡಿಡಾ ತನ್ನ ಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಸುವುದನ್ನು ಇದು ತಡೆಯುತ್ತದೆ. ಬಾಯಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ರುಚಿ ತುಸು ಸಿಹಿ, ಸಹಿಸಬಹುದು. ಲೈಕೆನ್ ಪ್ಲೇನಸ್‌ನಲ್ಲಿ ಚರ್ಮ ಸುಲಿದ ಜಾಗಕ್ಕೆ ತಾಗಿದರೆ ಸ್ವಲ್ಪ ಹೊತ್ತು ಉರಿಯುತ್ತದೆ.

ಹೆಚ್ಚಿನವರು ಸೋಲುವುದು ಅಳತೆಯಲ್ಲಿ. ಸಾಮಾನ್ಯ ಪ್ರಮಾಣ ಒಂದು ಸಲಕ್ಕೆ 10ರಿಂದ 20 ಹನಿ, ದಿನಕ್ಕೆ 3-4 ಸಲ. ಸಲಕ್ಕೆ 15 ಹನಿಯಂತೆ ನಾಲ್ಕು ಸಲ ಹಚ್ಚಿದರೆ ದಿನಕ್ಕೆ 60 ಹನಿ, ಸುಮಾರು 3 ಮಿ.ಲೀ. 15 ಮಿ.ಲೀ. ಬಾಟಲಿ ಐದು ದಿನಕ್ಕೆ ಮುಗಿಯುತ್ತದೆ. ಎರಡು ವಾರಕ್ಕೆ ಅಂಥ ಮೂರು ಬೇಕು. ಆದರೆ ಮೂರನೇ ನಾಲ್ಕನೇ ದಿನಕ್ಕೇ ಉರಿ ಇಳಿಯುವುದರಿಂದ ಮೊದಲ ಬಾಟಲಿ ಮುಗಿದ ಮೇಲೆ ಯಾರೂ ಇನ್ನೊಂದು ತರುವುದಿಲ್ಲ. ಉಳಿದ ಯೀಸ್ಟ್ ಮತ್ತೆ ಬೆಳೆಯುತ್ತದೆ, "ಔಷಧ ಹಿಡಿಯಲಿಲ್ಲ" ಎಂಬ ಮಾತು ಬರುತ್ತದೆ. ಮೊದಲ ದಿನವೇ ಪೂರ್ತಿ ಕೋರ್ಸಿನಷ್ಟು ತಂದಿಟ್ಟುಕೊಳ್ಳುವುದು ಒಳ್ಳೆಯದು.

ಹಚ್ಚುವ ಮೊದಲು ಹಲ್ಲುಜ್ಜಿ, ಬರೀ ನೀರಿನಲ್ಲಿ ಮುಕ್ಕಳಿಸಿ, ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಮಚ್ಚೆ ಇರುವ ಜಾಗವನ್ನು ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒಣಗಿಸಿ. ಒದ್ದೆ ಇದ್ದರೆ ಮದ್ದು ಜಾರಿ ಗಂಟಲಿಗೆ ಹೋಗುತ್ತದೆ. ಕೆನ್ನೆಯ ಒಳಭಾಗ, ತುಟಿ ಸೇರುವ ಮೂಲೆ, ನಾಲಿಗೆಯ ಅಂಚುಗಳನ್ನು ಬಿಡಬೇಡಿ. ಸಾಧ್ಯವಾದಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡು, ಆಮೇಲೆ ಅರ್ಧ ಗಂಟೆ ನೀರು, ಕಾಫಿ ಏನೂ ಬೇಡ. ಫೈಬ್ರೋಸಿಸ್‌ನಿಂದ ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿಗೆ ಬಾಟಲಿಯ ಡ್ರಾಪರ್ ಒಳಗೆ ಹೋಗದು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಮದ್ದು ತೆಗೆದುಕೊಂಡು ಕೆನ್ನೆ ಮತ್ತು ಹಲ್ಲಿನ ನಡುವಿನಿಂದ ಹಿಂದಕ್ಕೆ ಒಯ್ಯಬೇಕು. ರಾತ್ರಿ ಮಲಗುವ ಮುಂಚಿನ ಸಲ ಎಲ್ಲಕ್ಕಿಂತ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರಾ ಕಡಿಮೆಯಾಗುತ್ತದೆ, ಮದ್ದು ತೊಳೆದು ಹೋಗುವುದಿಲ್ಲ.

ಹಲ್ಲಿನ ಸೆಟ್ಟಿಗೂ ಚಿಕಿತ್ಸೆ ಬೇಕು. ಅಕ್ರಿಲಿಕ್ ಮೇಲ್ಮೈಯಲ್ಲಿ ಯೀಸ್ಟ್ ಪದರ ಕಟ್ಟಿರುತ್ತದೆ. ರಾತ್ರಿ ಹಾಕಿಕೊಂಡೇ ಮಲಗುವವರಿಗೆ ಎಷ್ಟು ಬಾಟಲಿ ಹಚ್ಚಿದರೂ ವ್ಯರ್ಥ.

ಇನ್ನು ಜೊಲ್ಲು. ಲಾಲಾರಸ ಬಾಯನ್ನು ಒದ್ದೆ ಮಾಡುವುದಷ್ಟೇ ಅಲ್ಲ, ಅದರಲ್ಲಿರುವ ಹಿಸ್ಟಾಟಿನ್ ಎಂಬ ಸಣ್ಣ ಪ್ರೋಟೀನು ಕ್ಯಾಂಡಿಡಾವನ್ನು ನೇರವಾಗಿ ಕೊಲ್ಲುತ್ತದೆ. ಲೈಸೋಜೈಮ್, ಲ್ಯಾಕ್ಟೋಫೆರಿನ್ ಅದಕ್ಕೆ ನೆರವಾಗುತ್ತವೆ. ಜೊಲ್ಲು ಬತ್ತಿದ ಬಾಯಲ್ಲಿ ಮೌತ್ ಪೇಂಟ್ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಯೀಸ್ಟ್ ಮರಳಿದರೆ ಆಶ್ಚರ್ಯವಿಲ್ಲ. ಆದ್ದರಿಂದ ಎರಡನೇ ಕೋರ್ಸಿಗೆ ದುಡ್ಡು ಹಾಕುವ ಮೊದಲು ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ಜೊಲ್ಲಿನ ಅಳತೆ ಮಾಡಿಸಿ. ಪರೀಕ್ಷೆ ಬಹಳ ಸರಳ. ಬೆಳಗಿನ ಹೊತ್ತು, ಅದಕ್ಕೆ ಮುಂಚೆ ಒಂದೂವರೆ ಗಂಟೆ ತಿನ್ನದೆ, ಕುಡಿಯದೆ, ಸೇದದೆ, ಅಡಿಕೆ ಹಾಕದೆ ಹೋಗಬೇಕು. ನೇರ ಕೂತು, ತಲೆ ತುಸು ಮುಂದೆ ಬಾಗಿಸಿ, ಒಮ್ಮೆ ನುಂಗಿ, ಆಮೇಲೆ 5 ನಿಮಿಷ ಬಾಯಲ್ಲಿ ಸೇರಿದ್ದನ್ನು ಅಳತೆ ಗುರುತಿನ ಕೊಳವೆಗೆ ಬಿಡಬೇಕು. ಆರೋಗ್ಯವಂತರಲ್ಲಿ ನಿಮಿಷಕ್ಕೆ 0.3ರಿಂದ 0.4 ಮಿ.ಲೀ. ಬರುತ್ತದೆ, ಅಂದರೆ ಐದು ನಿಮಿಷಕ್ಕೆ ಒಂದೂವರೆ ಎರಡು ಮಿ.ಲೀ. ನಿಮಿಷಕ್ಕೆ 0.1ಕ್ಕಿಂತ ಕಡಿಮೆಯಾದರೆ ಬಾಯಿ ನಿಜಕ್ಕೂ ಒಣಗಿದೆ. ನೊರೆಯನ್ನೂ ಸೇರಿಸಿ ಓದಿದರೆ ಲೆಕ್ಕ ತಪ್ಪುತ್ತದೆ. ಕೊಳವೆಯನ್ನು ಮೊದಲೂ ಆಮೇಲೂ ತೂಗುವ ಲ್ಯಾಬ್ ಸಿಕ್ಕರೆ ಅದೃಷ್ಟ.

ಒಣಗಿದ್ದರೆ ಮೊದಲು ಮಾತ್ರೆಗಳ ಪಟ್ಟಿ ನೋಡಬೇಕು. ನಿದ್ದೆಗೋ ನೋವಿಗೋ ಕೊಟ್ಟ ಅಮಿಟ್ರಿಪ್ಟಿಲಿನ್, ನೆಗಡಿ ಅಲರ್ಜಿಯ ಹಳೆಯ ಮಾತ್ರೆಗಳು, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್ ಜೊಲ್ಲು ಬತ್ತಿಸುತ್ತವೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಹಾಗೆಯೇ. ಕೃತಕ ಲಾಲಾರಸದ ಬಾಟಲಿಗಳು ಸಿಗುತ್ತವೆ. ಅವು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಗ್ಲಿಸರಿನ್ ಬೆರೆತ ಜಾರು ದ್ರವ. ಊಟ ನುಂಗಲು, ಮಾತಾಡಲು ಹಿತ. ಹಿಸ್ಟಾಟಿನ್ ಅವುಗಳಲ್ಲಿ ಇಲ್ಲ, ಹಾಗಾಗಿ ಯೀಸ್ಟ್ ತಡೆಯುತ್ತವೆ ಎಂದುಕೊಂಡು ಕೊಳ್ಳಬೇಡಿ.

ಅಂಗಡಿಯಲ್ಲಿ ಆಗುವ ಅದಲುಬದಲು ಬೇರೆ. ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಕಿವಿಯ ಹನಿ, ಚರ್ಮದ ಕ್ರೀಮ್ ಇರುತ್ತವೆ. ಲೇಬಲ್ ಮೇಲೆ ಮೌತ್ ಪೇಂಟ್ ಎಂದಿದೆಯೇ ಓದಿ. ಪೇಂಟ್ ಇಲ್ಲವೆಂದು ಮೈಕೋನಜೋಲ್ ಜೆಲ್ ಕೊಟ್ಟರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಮುಟ್ಟಲೇಬಾರದು. ಬಾಯಿಗೆ ಹಚ್ಚುವ ಜೆಲ್‌ನಿಂದಲೂ ರಕ್ತ ವಿಪರೀತ ತೆಳುವಾಗಿ ರಕ್ತಸ್ರಾವವಾಗಬಹುದು. ಲೈಕೆನ್ ಪ್ಲೇನಸ್‌ಗೆ ಟ್ರಯಾಮ್ಸಿನೋಲೋನ್ ಪೇಸ್ಟ್ ಹಚ್ಚುತ್ತಿರುವವರಲ್ಲಿ ಆ ಸ್ಟೀರಾಯ್ಡೇ ಯೀಸ್ಟ್ ಬೆಳೆಸುತ್ತದೆ. ಆದ್ದರಿಂದ ಆ ಪೇಸ್ಟ್, ಈ ಪೇಂಟ್ ಎರಡನ್ನೂ ವೈದ್ಯರು ಒಟ್ಟಿಗೆ ಬರೆಯುವುದುಂಟು. ನಡುವೆ ಅರ್ಧ ಗಂಟೆಯಾದರೂ ಅಂತರವಿರಲಿ.

ಇಷ್ಟೆಲ್ಲ ಸರಿಯಾದರೂ ಈ ಬಾಟಲಿಯಿಂದ ಒಂದು ಅಪಾಯವಿದೆ: ಅದು ಕೊಡುವ ಸಮಾಧಾನ. ಗಾಜ್‌ನಿಂದ ಒರೆಸಿದರೆ ಕಿತ್ತು ಬರುವ ಬಿಳುಪು ಸಾಮಾನ್ಯ ಯೀಸ್ಟ್, ಕೆಳಗೆ ಕೆಂಪಗೆ ಕಾಣುತ್ತದೆ. ಲ್ಯೂಕೋಪ್ಲೇಕಿಯಾ ಕಿತ್ತು ಬರುವುದಿಲ್ಲ. ತೊಡಕೆಂದರೆ, ತುಟಿ ಮೂಲೆಯ ಹಿಂದೆ ದಪ್ಪಗೆ ಬೆಳೆಯುವ ಒಂದು ಬಗೆಯ ಕ್ಯಾಂಡಿಡಾ ಮಚ್ಚೆಯೂ ಕಿತ್ತು ಬರುವುದಿಲ್ಲ. ಕಣ್ಣಳತೆಯಲ್ಲಿ ಎರಡನ್ನೂ ಬೇರೆ ಮಾಡಲು ಆಗದು. ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿದ ಮಾದರಿ) ತೆಗೆದು ಲ್ಯಾಬಿನಲ್ಲಿ ಬೆಳೆಸಿದರೆ ಯೀಸ್ಟ್ ಸಿಗಬಹುದು, ಆದರೆ ಅದು ಆರೋಗ್ಯವಂತರ ಬಾಯಲ್ಲೂ ಇರುತ್ತದೆ, ಬರೀ "ಪಾಸಿಟಿವ್" ಎಂಬ ರಿಪೋರ್ಟಿಗೆ ಹೆಚ್ಚು ತೂಕವಿಲ್ಲ. ಮಚ್ಚೆಯಿಂದ ಕೆರೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್‌ನಲ್ಲಿ ಎಳೆಗಳಂತೆ ಚಾಚಿಕೊಂಡ ಹೈಫೆ ಕಂಡರೆ ಮಾತ್ರ ಅದು ರೋಗ ತಂದಿದೆ ಎನ್ನಲು ಆಧಾರ. ಕ್ಯಾಂಡಿಡಾದ ಕೆಲವು ತಳಿಗಳು ಅಸಿಟಾಲ್ಡಿಹೈಡ್ ತಯಾರಿಸುತ್ತವೆ, ಅದು ಡಿಎನ್ಎ ಕೆಡಿಸುವ ವಸ್ತು. ಹಾಗೆಂದು ಕ್ಯಾನ್ಸರ್ ತರುವುದೇ ಯೀಸ್ಟ್ ಎಂದು ಹೇಳುವಷ್ಟು ಪುರಾವೆ ಇಲ್ಲ. ಅಡಿಕೆಯ ವಿಷಯದಲ್ಲಿ ಅಂಥ ಅನುಮಾನವಿಲ್ಲ: ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧವಿದ್ದರೂ, ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಬೆರೆಸಿ ತಿನ್ನುವವರಿಗೆ ಈ ಪೇಂಟ್ ಹಚ್ಚಿ ಪ್ರಯೋಜನವಿಲ್ಲ. ಬಿಡಲು ನೆರವು ಬೇಕಾದರೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ಉಚಿತ ಕರೆ.

ಕೆಂಪು ಮಚ್ಚೆ, ಬಿಳುಪಿನ ನಡುವೆ ಕೆಂಪು ಚುಕ್ಕೆ, ಮುಟ್ಟಿದರೆ ಗಟ್ಟಿ ಎನಿಸುವ ಜಾಗ, ಮೂರು ವಾರ ದಾಟಿದ ಹುಣ್ಣು ಇದ್ದರೆ ಪೇಂಟಿಗಾಗಿ ಕಾಯುವ ಮಾತೇ ಇಲ್ಲ, ಕೂಡಲೇ ಬಯಾಪ್ಸಿ, ಅಂದರೆ ಮಚ್ಚೆಯ ಚೂರು ತೆಗೆದು ಪರೀಕ್ಷೆ. ಉಳಿದವರು ಎರಡು ವಾರ ಸರಿಯಾಗಿ ಹಚ್ಚಿ ತೋರಿಸಿಕೊಳ್ಳಲಿ. ಮಚ್ಚೆ ಉಳಿದಿದ್ದರೆ ಅವರಿಗೂ ಬಯಾಪ್ಸಿಯೇ. ಸ್ವಾಬ್ ಕೊಡುವುದಿದ್ದರೆ ಪೇಂಟ್ ಶುರು ಮಾಡುವ ಮುಂಚೆಯೇ ಕೊಡಿ. ಬಯಾಪ್ಸಿ ಚೀಟಿಯಲ್ಲಿ ಪೇಂಟ್ ಎಷ್ಟು ದಿನ ಹಚ್ಚಿದಿರಿ, ಯಾವತ್ತು ನಿಲ್ಲಿಸಿದಿರಿ ಎಂದು ಬರೆಸಿ, ಯೀಸ್ಟ್ ಎಳೆ ತೋರಿಸುವ ಪಿಎಎಸ್ ಬಣ್ಣವನ್ನೂ ಹಾಕಲು ಕೇಳಿ.