ದಾವಣಗೆರೆಯ ಭಾನುವಾರದ ಇತಿಹಾಸ ಕ್ಲಾಸ್: ಪಾಠಕ್ಕೆ ದುಡ್ಡು ಕೊಡಿ, ನೋಟ್ಸಿಗೆ ಬೇಡ

ಕೆಎಎಸ್, ಪಿಯು ಉಪನ್ಯಾಸಕರ ಹುದ್ದೆ ಅಂತ ಓದುವವರಿಗೆ ದಾವಣಗೆರೆಯಲ್ಲಿ ಕೋಚಿಂಗ್‌ಗೆ ಬರವಿಲ್ಲ. ವಿದ್ಯಾನಗರದ ಕಡೆ ಒಂದು ಸೆಂಟರ್‌ನಲ್ಲಿ ಭಾನುವಾರ ಮಾತ್ರ ನಡೆಯುವ ಪ್ರಾಚೀನ ಇತಿಹಾಸದ ಬ್ಯಾಚಿಗೆ ಸೇರಿದ್ದೆ. ಬೈಯುವುದೂ ಇದೆ, ಹಾಗಾಗಿ ಹೆಸರು ಹಾಕುವುದಿಲ್ಲ. ಗ್ರೀಸ್ ಮತ್ತು ಹಳೆಯ ನಾಗರಿಕತೆಗಳ ಆಡಳಿತ ಪದ್ಧತಿಯ ಪಾಠ ಹೇಗಿದೆ ಅಂತ ಇಬ್ಬರು ಮೂವರು ಕೇಳಿದ್ದರು, ಅವರಿಗಾಗಿ ಇದು.

ಸರ್ ಪಾಠ ನಿಜಕ್ಕೂ ಚೆನ್ನಾಗಿದೆ. ಬೇರೆ ಕಡೆ ಅಥೆನ್ಸ್ ಪ್ರಜಾಪ್ರಭುತ್ವದ ತವರು ಅಂತ ಒಂದು ಸಾಲು ಬರೆಸಿ ಮುಂದೆ ಹೋಗುತ್ತಾರೆ. ಇವರು ಕುರ್ಚಿಯಲ್ಲಿ ಯಾರು ಕೂರುತ್ತಿದ್ದರು, ಕೂರಿಸಿದ್ದು ಯಾರು, ಯಾವಾಗ ಇಳಿಸುತ್ತಿದ್ದರು ಅಂತ ಕೇಳಿಯೇ ಶುರು ಮಾಡುತ್ತಾರೆ. ಒಂದು ವಾರ ಥರ್ಮಾಕೋಲ್ ಹಲಗೆಗೆ ಬ್ಲೇಡಿನಿಂದ ಸಾಲು ಸಾಲಾಗಿ ಸೀಳು ಮಾಡಿ, ಪಕ್ಕಕ್ಕೆ ಪೈಪಿನ ತುಂಡು ಅಂಟಿಸಿಕೊಂಡು ಬಂದಿದ್ದರು. ನಮ್ಮ ಹೆಸರು ಬರೆದ ಚೀಟಿಗಳನ್ನು ಸೀಳಿಗೆ ಸಿಕ್ಕಿಸಿ, ಪೈಪಿಗೆ ಕಪ್ಪು ಬಿಳಿ ಗೋಲಿ ಸುರಿದು, ಕೆಳಗಿನಿಂದ ಒಂದೊಂದೇ ಬಿಟ್ಟರು. ಬಿಳಿ ಬಂದರೆ ಆ ಸಾಲಿನವರೆಲ್ಲ ಅವತ್ತಿನ ನ್ಯಾಯಾಲಯದ ಪಂಚರು, ಕಪ್ಪು ಬಂದರೆ ಸಾಲಿಗೆ ಸಾಲೇ ಮನೆಗೆ. ಅಥೆನ್ಸಿನವರು ಇದನ್ನೇ ಕಲ್ಲಿನಲ್ಲಿ ಮಾಡಿಟ್ಟುಕೊಂಡಿದ್ದರು, ಅದರ ತುಂಡುಗಳು ಈಗಲೂ ಅಲ್ಲಿನ ಅಗೋರಾ ಮ್ಯೂಸಿಯಂನಲ್ಲಿವೆ.

ಕ್ರಿ.ಪೂ. 508ರ ಸುಮಾರಿಗೆ ಅಥೆನ್ಸಿನ ನಾಯಕ ಕ್ಲಿಸ್ತೆನೀಸ್ ತಂದ 500 ಜನರ ಸಭೆಯೂ ಆಮೇಲೆ ಹೀಗೇ ಚೀಟಿ ಎತ್ತಿಯೇ ತುಂಬುತ್ತಿತ್ತು. 10 ಕುಲ, ಒಂದೊಂದರಿಂದ 50 ಜನ, ಅಧಿಕಾರ ಒಂದೇ ವರ್ಷ, ಒಬ್ಬನಿಗೆ ಜೀವಮಾನದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಇಲ್ಲ. ಸೇನಾಪತಿಗಳನ್ನು ಮಾತ್ರ ಚುನಾಯಿಸುತ್ತಿದ್ದರು. ಯುದ್ಧವನ್ನು ಅದೃಷ್ಟಕ್ಕೆ ಬಿಡೋಕೆ ಆಗಲ್ಲ ಅಲ್ವಾ, ಅಲ್ಲಿನ ಹೆಸರಾಂತ ನಾಯಕ ಪೆರಿಕ್ಲಿಸ್ ವರ್ಷ ವರ್ಷವೂ ಗೆದ್ದು ಬಂದದ್ದು ಆ ಜಾಗಕ್ಕೇ. ಚೀಟಿ ಎತ್ತುವುದು ಪ್ರಜಾಪ್ರಭುತ್ವದ ಲಕ್ಷಣ, ಚುನಾವಣೆ ಕೆಲವೇ ಜನರ ಆಳ್ವಿಕೆಯ ಲಕ್ಷಣ ಅಂತ ಅರಿಸ್ಟಾಟಲ್ ಹೇಳುತ್ತಾನೆ. ನಮ್ಮಲ್ಲಿ ವಾರ್ಡ್ ಎಲೆಕ್ಷನ್ ಖರ್ಚು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಡಕೆ ಚೂರಿನ ಮೇಲೆ ಹೆಸರು ಗೀಚಿ ನಾಯಕನನ್ನು 10 ವರ್ಷ ಊರು ಬಿಡಿಸುವ ಪದ್ಧತಿ ಇತ್ತಲ್ಲ, ಅದರಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೋಕ್ಲಿಸ್ ಹೆಸರಿನ ಸುಮಾರು 190 ಚೂರು ಒಂದೇ ಕಡೆ ಸಿಕ್ಕಿವೆ, ಕೈಬರಹ ನೋಡಿದರೆ ಬರೆದವರು ಹದಿನಾಲ್ಕೇ ಜನ ಇರಬೇಕು. ಅಂದರೆ ಮೊದಲೇ ಬರೆದಿಟ್ಟು ಹಂಚೋಕೆ ರೆಡಿ ಮಾಡಿದ್ದು! ಕ್ಲಾಸೆಲ್ಲ ನಕ್ಕಿತು. ಇಷ್ಟೆಲ್ಲ ಹೇಳಿದ ಮೇಲೆ, ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಇದ್ಯಾವುದೂ ಇರಲಿಲ್ಲ ಅನ್ನುವುದನ್ನೂ ಸರ್ ಬಿಡಲಿಲ್ಲ.

ಈಗ ನೋಟ್ಸ್. ಪ್ರತ್ಯೇಕವಾಗಿ 350 ರೂಪಾಯಿ, ಸ್ಪೈರಲ್ ಬೈಂಡಿಂಗ್. ಬರೆದವರು ಈ ಕ್ಲಾಸಿಗೆ ಒಂದು ದಿನವೂ ಬಂದಿಲ್ಲ ಅಂತ ಕಾಣುತ್ತೆ. 500 ಜನರ ಸಭೆಯನ್ನು ಅಥೆನ್ಸಿನ ಹಿಂದಿನ ಸುಧಾರಕ ಸೋಲನ್ ಖಾತೆಗೆ ಹಾಕಿದ್ದಾರೆ, ಅದೂ ಚುನಾವಣೆಯ ಮೂಲಕ ಅಂತೆ. ಸೋಲನ್ ಬಂದದ್ದು ಕ್ರಿ.ಪೂ. 594ರಲ್ಲಿ, ಸಾಲಕ್ಕೆ ಮನುಷ್ಯರನ್ನೇ ಗುಲಾಮರಾಗಿ ಹಿಡಿಯುವುದನ್ನು ನಿಲ್ಲಿಸಿದವನು ಅವನು, ಆ ದೊಡ್ಡ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಗ್ರೀಸಿನ ಇನ್ನೊಂದು ನಗರರಾಜ್ಯ ಸ್ಪಾರ್ಟಾಕ್ಕೆ ರಾಜಪ್ರಭುತ್ವ ಅಂತ ಒಂದೇ ಪದ. ಅಲ್ಲಿ ಏಕಕಾಲಕ್ಕೆ ಇಬ್ಬರು ರಾಜರು, ಅವರ ಜೊತೆ 60 ದಾಟಿದ 28 ಹಿರಿಯರ ಸಭೆ, ಎಲ್ಲರ ಮೇಲೂ ಕಣ್ಣಿಡಲು ವರ್ಷಕ್ಕೊಮ್ಮೆ ಬದಲಾಗುವ ಐವರು ಎಫೋರರು. ಹಿರಿಯರನ್ನು ಆರಿಸುವಾಗ ಜನ ಕೂಗುತ್ತಿದ್ದರು, ಕೋಣೆಯೊಳಗೆ ಕೂತವರು ಯಾರಿಗೆ ಕೂಗು ಜೋರು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಒಂದೇ ಪದಕ್ಕೆ ಮುಗಿಯುವ ವಿಷಯವೇ ಇದು?

ಎಲ್ಲಕ್ಕಿಂತ ಅಪಾಯದ ತಪ್ಪು ಅರಿಸ್ಟಾಟಲ್ ಕೋಷ್ಟಕದಲ್ಲಿದೆ. ಅವನು ಹೇಳುವ ಆರು ಬಗೆಯ ಆಳ್ವಿಕೆಯಲ್ಲಿ ಪ್ರಜಾಪ್ರಭುತ್ವ ಇರುವುದು ಕೆಟ್ಟ ಮೂರರ ಪಟ್ಟಿಯಲ್ಲಿ, ನಿರಂಕುಶ ಆಳ್ವಿಕೆ ಮತ್ತು ಸಿರಿವಂತರ ಗುಂಪಿನ ಆಳ್ವಿಕೆಯ ಜೊತೆ. ನೋಟ್ಸ್‌ನಲ್ಲಿ ಒಳ್ಳೆಯದರ ಕಡೆ ಇದೆ. ಪರೀಕ್ಷೆಯಲ್ಲಿ ಸರಿಯಾಗಿ ಇಲ್ಲೇ ಕೊಕ್ಕೆ ಹಾಕುತ್ತಾರೆ. ಆಫೀಸಿನಲ್ಲಿ ಹೇಳಿದರೆ ಮುಂದಿನ ಪ್ರಿಂಟಿನಲ್ಲಿ ನೋಡೋಣ ಅಂದರು.

ಪಾಠದಲ್ಲೂ ಒಂದು ಕೊರತೆ ಇದೆ. ಗ್ರೀಸ್ ಮೇಲಿನ ಪ್ರೀತಿಗೆ ಮೆಸೊಪೊಟೇಮಿಯಾ, ಈಜಿಪ್ಟ್ ಎರಡನ್ನೂ ಟೀ ಬ್ರೇಕಿಗೆ ಮೊದಲು ಓಡಿಸಿಬಿಟ್ಟರು. ಉರ್, ಲಗಾಶ್‌ನಂಥ ಊರುಗಳಿಗೆ ತಮ್ಮದೇ ದೊರೆ, ತಮ್ಮದೇ ದೇವರು ಇದ್ದದ್ದು, ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ 282 ಕಟ್ಟಳೆಗಳು, ದೇವರೇ ಆಗಿಬಿಟ್ಟ ಈಜಿಪ್ಟಿನ ದೊರೆ ಫೆರೋ, ಎಲ್ಲ ಒಂದೇ ಉಸಿರಿನಲ್ಲಿ. ಹರಪ್ಪಾದಲ್ಲಿ ಅರಮನೆ ಅಂತ ಖಚಿತವಾಗಿ ಹೇಳುವ ಕಟ್ಟಡವೇ ಸಿಕ್ಕಿಲ್ಲ, ಹಾಗಾದರೆ ಆಳಿದ್ದು ಯಾರು ಅನ್ನುವ ಪ್ರಶ್ನೆಗೆ ಒಂದು ಗಂಟೆ ಕೊಟ್ಟಿದ್ದರೂ ಸಾಲುತ್ತಿರಲಿಲ್ಲ.

ಸೇರುವವರು ನೋಟ್ಸ್ ಬೇಡ ಅಂತ ಮೊದಲೇ ಹೇಳಿ, ಒತ್ತಾಯ ಮಾಡಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶುರು, ಹಿಂದಿನ ಬೆಂಚಿಗೆ ಬೋರ್ಡ್ ಕಾಣಲ್ಲ, ಹರಿಹರದ ಕಡೆಯಿಂದ ಬರುವವರು ಮೊದಲ ಬಸ್ಸುಗಳಲ್ಲೇ ಹೊರಟುಬಿಡಿ.