ಮಡಿಕೇರಿ ಕಡೆ ಸುಶಿ ಪಾರ್ಟಿ ಇಟ್ಟುಕೊಳ್ಳೋರು ಅಡ್ವಾನ್ಸ್ ಕಳಿಸೋ ಮೊದಲು ಇದನ್ನ ಓದಿ

ಮಡಿಕೇರಿಯಿಂದ ಸ್ವಲ್ಪ ಹೊರಗೆ, ಕಾಫಿ ತೋಟದ ಒಳಗಿರುವ ಒಂದು ರೆಸಾರ್ಟ್. ಅದರೊಳಗೆ ಒಂದು ಜಪಾನೀಸ್ ರೆಸ್ಟೋರೆಂಟ್. ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಮುಗಿಯುವ ತನಕ ಬರೀಬೇಡ ಅಂತ ನಮ್ಮನೆಯವರು ಹೇಳಿದ್ದಾರೆ. ಆದರೆ ನಡೆದದ್ದನ್ನು ಬರೆಯದೆ ಇರೋಕೆ ನನ್ನಿಂದ ಆಗುತ್ತಿಲ್ಲ. ಕೈ ಇನ್ನೂ ನಡುಗುತ್ತೆ ನೆನೆಸಿಕೊಂಡರೆ.

ಮಗಳು ಈ ಸಲ ಸಿಎ ಫೈನಲ್ ಪಾಸ್ ಮಾಡಿದಳು. ಜುಲೈನಲ್ಲಿ ರಿಸಲ್ಟ್ ಬಂತು. ಮನೆಯಲ್ಲಿ ಹಬ್ಬಾನೇ. ಬೆಂಗಳೂರಿನಲ್ಲಿ ಸಿಎ ಟ್ರೈನಿಂಗ್, ಅಂದರೆ ಆರ್ಟಿಕಲ್‌ಶಿಪ್ ಮಾಡುವಾಗ ಇವಳಿಗೆ ಸುಶಿ, ಅಂದರೆ ಹುಳಿ ಬೆರೆಸಿದ ಅನ್ನದ ಜೊತೆ ಹಸಿ ಮೀನೋ ತರಕಾರಿಯೋ ಇಟ್ಟು ಕಟ್ಟುವ ಜಪಾನಿನ ತಿಂಡಿಯ ರುಚಿ ಹತ್ತಿತ್ತು. ಚಿನ್ನ ಬೇಡ, ಫೋನ್ ಬೇಡ, ಎಲ್ಲರನ್ನೂ ಕರ್ಕೊಂಡು ಒಂದು ಒಳ್ಳೆ ಸುಶಿ ಊಟ ಸಾಕು ಅಂದಳು. ಬೆಂಗಳೂರಿಗೇ ಹೋಗಬಹುದಿತ್ತು. ಆದರೆ ನಮ್ಮತ್ತೆಗೆ ಮಂಡಿ ನೋವು, ಅಷ್ಟು ಹೊತ್ತು ಕಾರಿನಲ್ಲಿ ಕೂರೋಕಾಗಲ್ಲ. ಮೊಮ್ಮಗಳ ಊಟಕ್ಕೆ ಅಜ್ಜಿ ಇಲ್ಲ ಅಂದರೆ ಆಗುತ್ತಾ? ಅದಕ್ಕೇ ಇಲ್ಲೇ ಹುಡುಕಿದ್ದು.

ಇನ್‌ಸ್ಟಾಗ್ರಾಮ್‌ನಲ್ಲಿ ಇವರ ಫೋಟೋ ನೋಡಬೇಕು ನೀವು. ಉದ್ದದ ಮರದ ಕೌಂಟರ್, ಅದರ ಹಿಂದೆ ಚಾಕು ಹಿಡಿದ ಶೆಫ್, ಕಿಟಕಿ ಆಚೆ ಮಂಜು. ಲೈವ್ ಸುಶಿ ಕೌಂಟರ್, ನಿಮ್ಮ ಎದುರಲ್ಲೇ ಮಾಡಿ ಕೈಗೆ ಕೊಡುತ್ತೇವೆ ಅಂತ. ತಲೆಗೆ 2,800 ರೂಪಾಯಿ, ಒಂಬತ್ತು ಜನಕ್ಕೆ. ನಾನು ಎಲ್ಲ ಕೇಳಿದೆ. ಶೆಫ್ ಯಾರು, ಮೀನು ಎಲ್ಲಿಂದ ಬರುತ್ತೆ, ವೆಜ್ ತಿನ್ನುವವರಿಗೆ ಏನಿದೆ, ಎಲ್ಲ. ಮ್ಯಾನೇಜರ್ ಮಾತು ಜೇನಿನ ಹಾಗೆ. "ಮೇಡಂ, ನಮ್ ಶೆಫ್ ಜಪಾನಲ್ಲೇ ಕಲಿತವರು. ಫಿಶ್ ಬಗ್ಗೆ ಟೆನ್ಷನ್ನೇ ಬೇಡ. ಸಾಲ್ಮನ್, ಟ್ಯೂನಾ ಎಲ್ಲ ಅವತ್ತು ಬೆಳಿಗ್ಗೆ ಮಂಗಳೂರಿಂದ ಬರುತ್ತೆ. ಫ್ರೋಜನ್ ನಾವು ಮುಟ್ಟೋದೇ ಇಲ್ಲ." ಅಡ್ವಾನ್ಸ್ 12,000 ಯುಪಿಐನಲ್ಲಿ ಹೋಯಿತು. ಥ್ಯಾಂಕ್ಯೂ ಜೊತೆಗೆ ಕೈಮುಗಿಯುವ ಇಮೋಜಿ ಬಂತು.

ಆ ಮಂಗಳೂರಿನ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಅವತ್ತು ಹೋದೆವು. ಆಟಿ ಮಳೆ, ರಸ್ತೆ ಕಾಣದಷ್ಟು. ಅತ್ತೆಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ಒಳಗೆ ಕರ್ಕೊಂಡು ಹೋದರೆ, ಆ ಫೋಟೋದ ಕೌಂಟರ್ ಮೇಲೆ ಬಿಳಿ ಬಟ್ಟೆ ಹಾಸಿ ಜ್ಯೂಸ್ ಗ್ಲಾಸ್ ಜೋಡಿಸಿದ್ದಾರೆ. ಶೆಫ್ ಇಲ್ಲ. ಕೇಳಿದರೆ "ಎಮರ್ಜೆನ್ಸಿ ಲೀವ್ ಮೇಡಂ, ಆದ್ರೆ ಅವರ ಟೀಮ್ ಇದೆ." ಒಂದು ಫೋನ್ ಮಾಡಿ ಹೇಳೋಕೆ ಏನಾಗಿತ್ತು ಅಂದೆ. "ನೆಟ್‌ವರ್ಕ್ ಇರ್ಲಿಲ್ಲ ಮೇಡಂ." ಅದೇ ಸಂಜೆ ನಾಲ್ಕು ಗಂಟೆಗೆ "ಬ್ಯಾಲೆನ್ಸ್ ಕ್ಯಾಶ್ ಕೊಡ್ತೀರಾ, ಯುಪಿಐ ಮಾಡ್ತೀರಾ" ಅಂತ ಮೆಸೇಜ್ ಮಾಡೋಕೆ ಮಾತ್ರ ನೆಟ್‌ವರ್ಕ್ ಇತ್ತು!

ಕರೆಂಟ್ ಹೋಯಿತು, ಜನರೇಟರ್ ಬಂತು, ನಾವು ಕಾಯುತ್ತಾ ಕೂತೆವು. ಆಮೇಲೆ ತಟ್ಟೆಗಳೆಲ್ಲ ಒಂದೇ ಸಲ ಬಂದುವು. ಒಂಬತ್ತು ಜನಕ್ಕೂ ಒಟ್ಟಿಗೆ. ಕೈಯಲ್ಲಿ ಒಂದೊಂದಾಗಿ ಕಟ್ಟುವ ತಿಂಡಿ ಅಷ್ಟೂ ಒಂದೇ ಸಲ ಹೇಗೆ ಬರುತ್ತೆ? ಮಗಳು ಆಗಲೇ ನನ್ನ ಮುಖ ನೋಡಿದಳು.

ಮೊದಲ ತುತ್ತಿಗೇ ಗೊತ್ತಾಯಿತು. ಅನ್ನ ಗಟ್ಟಿ. ಒಳಗೆ ಬಿಳೀ ಬಿಳೀ ಕಾಳು, ಹಲ್ಲಿಗೆ ಸಿಕ್ಕರೆ ಪುಡಿಪುಡಿ. ಸುಶಿ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ, ಕೈಯಷ್ಟೇ ಬೆಚ್ಚಗಿರುವಾಗ ಕಟ್ಟಿ ಕೊಡಬೇಕಂತೆ. ಫ್ರಿಜ್ಜಲ್ಲಿ ಇಟ್ಟರೆ ಅನ್ನ ಬಿರುಸಾಗುತ್ತೆ. ಇದು ಮಗಳು ಹೇಳಿದ್ದು, ಆದರೆ ಇದಕ್ಕೆ ಸಿಎ ಓದಬೇಕಾಗಿಲ್ಲ. ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತರುವ ಊರಿನವರಿಗೆ ಅನ್ನದಲ್ಲಿ ಮೋಸ ಮಾಡೋಕೆ ಬರ್ತಾರಲ್ಲ! ನಮ್ಮತ್ತೆ ಒಂದು ಸೌತೆಕಾಯಿ ರೋಲ್ ಬಾಯಿಗೆ ಹಾಕಿಕೊಂಡು ಮೆಲ್ಲಗೆ ನನ್ನ ಕಿವಿಯಲ್ಲಿ "ಇದು ತಂಗಳನ್ನ ಅಲ್ವಾ?" ಅಂದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು. ಭಾವ ಅಷ್ಟಕ್ಕೇ ಬಿಡಲಿಲ್ಲ. ಇದಕ್ಕೆ ಸ್ವಲ್ಪ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿದ್ದರೆ ಇಳೀತಿತ್ತೇನೋ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಸಾಲ್ಮನ್ ಅಂತ ಕೊಟ್ಟದ್ದು ಹೊಗೆ ವಾಸನೆ ಬರುವ ಪ್ಯಾಕೆಟ್ ಚೂರು. ಟ್ಯೂನಾ ಅಂತ ಕೊಟ್ಟದ್ದು ಡಬ್ಬಿ ಮೀನಿಗೆ ಮಯೋನೀಸ್ ಕಲಸಿದ್ದು. ಏಡಿ ಅಂದದ್ದು ಏಡಿಯೇ ಅಲ್ಲ, ಮೀನಿನ ಮಾಂಸ ಅರೆದು ಕೆಂಪು ಬಣ್ಣ ಬಳಿದ ಕಡ್ಡಿ. ಆ ಕಡ್ಡಿ ಎಷ್ಟೋ ಕಡೆ ಹಾಕುತ್ತಾರೆ, ನನಗೂ ಗೊತ್ತು. ಸುಶಿ ಜೊತೆ ಕೊಡುವ ಹಸಿರು ಖಾರ ವಸಾಬಿನೂ ಹೆಚ್ಚಿನ ಕಡೆ ನಿಜವಾದ ವಸಾಬಿ ಬೇರಿನದಲ್ಲ, ಬೇರೊಂದು ಖಾರದ ಬೇರು ಹಾರ್ಸ್‌ರ್ಯಾಡಿಷ್‌ಗೆ ಹಸಿರು ಬಣ್ಣ ಹಾಕಿದ್ದು. ಅದಕ್ಕೆಲ್ಲ ನಾನು ಜಗಳ ಆಡುವವಳಲ್ಲ. 2,800 ತಗೊಂಡು, ಫ್ರೋಜನ್ ಮುಟ್ಟಲ್ಲ ಅಂತ ಎದೆ ತಟ್ಟಿಕೊಂಡು ಇದನ್ನ ಕೊಟ್ಟರಲ್ಲ, ಅದಕ್ಕೆ ಜಗಳ.

ಕೈ ತೊಳೆಯೋಕೆ ಎದ್ದೆ. ವಾಶ್‌ರೂಮಿಗೆ ಹೋಗುವ ದಾರಿಯಲ್ಲಿ ಅಡುಗೆಮನೆ ಬಾಗಿಲು ಅರ್ಧ ತೆರೆದಿತ್ತು. ಒಬ್ಬ ಹುಡುಗ ಕುಕ್ಕರುಗಾಲಲ್ಲಿ ಕೂತು, ಕಪ್ಪು ಪ್ಲಾಸ್ಟಿಕ್ ಟ್ರೇಗಳ ಮುಚ್ಚಳದ ಮೇಲಿನ ಸ್ಟಿಕ್ಕರನ್ನು ಹೆಬ್ಬೆರಳ ಉಗುರಿನಲ್ಲಿ ಕೆರೆದು ಕೆರೆದು ತೆಗೆಯುತ್ತಿದ್ದ. ಪಕ್ಕದಲ್ಲಿ ಸ್ಟೀಲ್ ಬೇಸಿನ್ನಿನಲ್ಲಿ ಖಾಲಿ ಟ್ರೇ ರಾಶಿ. ಒಂದರ ಮೇಲೆ ಸ್ಟಿಕ್ಕರ್ ಅರ್ಧ ಉಳಿದಿತ್ತು. ಪ್ಯಾಕ್ ಮಾಡಿದ ತಾರೀಕು ಹಿಂದಿನ ದಿನದ್ದು. ಕೆಳಗೆ "ಮೈಸೂರು" ಅನ್ನುವಷ್ಟು ಮಾತ್ರ ಓದೋಕೆ ಬರುತ್ತಿತ್ತು. ಟ್ರೇ ಅಂಚಿನಲ್ಲಿ ಎರಡು ಅನ್ನದ ಅಗುಳು ಅಂಟಿಕೊಂಡಿತ್ತು. ನಾನು ನೋಡುತ್ತಾ ನಿಂತೇ ಬಿಟ್ಟೆ. ಮಂಗಳೂರೂ ಇಲ್ಲ, ಬೆಳಿಗ್ಗೆನೂ ಇಲ್ಲ, ಜಪಾನೂ ಇಲ್ಲ. ಮೈಸೂರಿನಿಂದ ನಿನ್ನೆ ಬಂದ ಪಾರ್ಸಲ್! ನನ್ನ ಮಗಳ ಪಾರ್ಟಿಗೆ! "ಏನಪ್ಪಾ ಇದು?" ಅಂದೆ. ಹುಡುಗ ಹೆದರಿಬಿಟ್ಟ. "ಅಕ್ಕಾ, ನಾನು ಹೊಸಬ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಫೋಟೋ ತೆಗೆದುಕೊಂಡೆ.

ಮ್ಯಾನೇಜರನ್ನು ಕರೆಸಿ ಫೋಟೋ ತೋರಿಸಿದೆ.

ಮೊದಲ ಉತ್ತರ: "ಅದು ಸ್ಟಾಫ್ ಊಟ ಮೇಡಂ." ಸ್ಟಾಫ್ ಊಟಕ್ಕೆ ಸುಶಿ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಎರಡನೇ ಉತ್ತರ: "ನಮ್ದೇ ಸೆಂಟ್ರಲ್ ಕಿಚನ್ ಮೇಡಂ, ಕ್ವಾಲಿಟಿ ಸೇಮ್."

ಹಾಗಾದರೆ ಲೈವ್ ಕೌಂಟರ್ ಅಂತ ಯಾಕೆ ಹೇಳಿದಿರಿ, ಅನ್ನ ಯಾಕೆ ಕಲ್ಲಾಗಿದೆ ಅಂದೆ. ಆಗ ಬಂತು ನೋಡಿ, ನನಗೆ ಮರೆಯೋಕಾಗದ ಉತ್ತರ. ಸ್ವಲ್ಪ ನಕ್ಕು, ಮಕ್ಕಳಿಗೆ ಹೇಳುವ ಹಾಗೆ, "ಸುಶಿ ಅಂದ್ರೆ ತಣ್ಣಗೇ ಇರೋದು ಮೇಡಂ. ಪಂದಿ ಕರಿ ಥರ ಬಿಸಿ ಬಿಸಿ ತಿನ್ನೋದಲ್ಲ. ಫಸ್ಟ್ ಟೈಮ್ ತಿನ್ನೋರಿಗೆ ಸ್ವಲ್ಪ ಹಾಗನ್ಸುತ್ತೆ." ನಮ್ಮತ್ತೆ ಎದುರಿಗೆ, ಭಾವನ ಎದುರಿಗೆ. ಮಗಳು ಎದ್ದು ನಿಂತಳು. "ಸರ್, ಮಂಗಳೂರಿಂದ ಸಾಲ್ಮನ್ ಬರುತ್ತೆ ಅಂದ್ರಲ್ಲ, ಅರಬ್ಬಿ ಸಮುದ್ರದಲ್ಲಿ ಅದು ಯಾವಾಗಿಂದ ಸಿಗ್ತಿದೆ?" ಅಂದಳು. ಅದಕ್ಕೆ ಉತ್ತರ ಇಲ್ಲ.

ಅರಬ್ಬಿ ಸಮುದ್ರದಲ್ಲಿ ಸಾಲ್ಮನ್ ನಿಜಕ್ಕೂ ಇಲ್ಲ. ಸುಶಿಗೆ ಹಾಕುವ ಸಾಲ್ಮನ್ ನಾರ್ವೆಯಂಥ ದೇಶದಲ್ಲಿ ಸಾಕಿದ ಮೀನು, ವಿಮಾನದಲ್ಲಿ ಬರುತ್ತೆ. ನಮ್ಮ ಕಡಲಲ್ಲಿ ಸಿಗುವ ರಾವಸ್‌ಗೆ ಇಂಡಿಯನ್ ಸಾಲ್ಮನ್ ಅನ್ನುತ್ತಾರೆ, ಅದು ಬೇರೆಯೇ ಮೀನು. ಇನ್ನು ನಾವು ಹೋದದ್ದು ಜುಲೈನಲ್ಲಿ! ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ನಾಡದೋಣಿಯವರು ದಡದ ಹತ್ತಿರ ಹಿಡಿದದ್ದಷ್ಟೇ. ನಮ್ಮ ಮಡಿಕೇರಿ ಮಾರ್ಕೆಟ್ಟಿನ ಮೀನಿನವರೇ ಆ ತಿಂಗಳು ಐಸ್ ಮೀನು ಅಂತ ಮುಖದ ಮೇಲೆ ಹೇಳುತ್ತಾರೆ. ಅವರಿಗಿರುವ ನಿಯತ್ತು ಇವರಿಗಿಲ್ಲ.

ಇನ್ನೊಂದು, ಇದು ಮನೆಗೆ ಬಂದ ಮೇಲೆ ಮಗಳು ಹೇಳಿದ್ದು. ಹಸಿ ತಿನ್ನುವ ಮೀನಿಗೆ ಫ್ರೀಜ್ ಮಾಡೋದು ಕೊರತೆಯಲ್ಲ. ಹಸಿ ಮೀನಿನ ಹುಳ ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಿ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಹೇಳುತ್ತೆ. ಒಳ್ಳೆ ಕಡೆ ಫ್ರೋಜನ್ ಅಂತ ಧೈರ್ಯವಾಗಿ ಹೇಳುತ್ತಾರಂತೆ. ಫ್ರೋಜನ್ ಮುಟ್ಟೋದೇ ಇಲ್ಲ ಅನ್ನುವವರ ಹತ್ತಿರ ಹೋಗಲೇಬಾರದು. ನಮ್ಮ ಮಳೆಗಾಲದ ಕರೆಂಟ್ ನಿಮಗೇ ಗೊತ್ತಲ್ಲ, ಫ್ರೀಜರಿಗೆ ಜನರೇಟರ್ ಕನೆಕ್ಷನ್ ಇದೆಯಾ ಅಂತ ಕೇಳೋದೂ ತಪ್ಪಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಸೂಪಿನ ವಿಷಯಕ್ಕೆ. ತಮ್ಮನ ಹೆಂಡತಿ ಮೈಸೂರಿನವಳು, ಹುಟ್ಟಿನಿಂದ ಮೀನು, ಮಾಂಸ ಮುಟ್ಟಿದವಳಲ್ಲ. ಫೋನಿನಲ್ಲೂ ಹೇಳಿದ್ದೆ, ಅಲ್ಲೂ ಹೇಳಿದೆ. ಮಿಸೋ ಸೂಪ್ "ಪ್ಯೂರ್ ವೆಜ್ ಮೇಡಂ, ಸೋಯಾ" ಅಂತ ಬಟ್ಟಲು ತುಂಬ ಕೊಟ್ಟರು. ಪಾಪ, ಬಿಸಿ ಇದ್ದದ್ದು ಅದೊಂದೇ ಅಂತ ಅವಳು ಎರಡು ಬಟ್ಟಲು ಕುಡಿದಳು. ಮಿಸೋ ಸೋಯಾದ್ದೇ, ಸರಿ. ಆದರೆ ಅದಕ್ಕೆ ಹಾಕುವ ದಾಶಿ ಅನ್ನೋ ತಿಳಿಸಾರು ಸಾಮಾನ್ಯವಾಗಿ ಬೊನಿಟೋ ಅನ್ನುವ ಒಣಮೀನಿನದು. ಮಗಳಿಗೆ ಸಂಶಯ ಬಂದು ಪ್ಯಾಕೆಟ್ ತೋರಿಸಿ ಅಂದಳು. ತಂದರು. ಮೇಲೆ ಮೀನಿನ ಚಿತ್ರವೇ ಇದೆ! ಮ್ಯಾನೇಜರ್ ಅದನ್ನ ನೋಡಿ ಏನಂದರು ಗೊತ್ತಾ? "ಮೀನಿನ ಪೀಸ್ ಏನೂ ಇಲ್ವಲ್ಲ ಮೇಡಂ, ಫ್ಲೇವರ್ ಅಷ್ಟೇ." ಅವಳು ಹೊರಗೆ ಹೋಗಿ ಮಳೆಯಲ್ಲೇ ನಿಂತುಬಿಟ್ಟಳು. ಇವತ್ತಿಗೂ ನಾನು ಅವಳಿಗೆ ಫೋನ್ ಮಾಡೋಕೆ ಹಿಂದೆಮುಂದೆ ನೋಡುತ್ತೇನೆ.

ಆಮೇಲೆ ಬಿಲ್. ಶೇ. 10 ಸರ್ವಿಸ್ ಚಾರ್ಜ್ ಸೇರಿಸಿದ್ದಾರೆ. ತೆಗೀರಿ ಅಂದರೆ "ಗ್ರೂಪಿಗೆ ಕಂಪಲ್ಸರಿ." ಕಂಪಲ್ಸರಿ ಅನ್ನೋದು ಸುಳ್ಳು. 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನ ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿ ಹಿಡಿದಿದೆ. ನಮ್ಮನೆಯವರು ಇದನ್ನ ಫೋನಿನಲ್ಲಿ ತೆಗೆದು ತೋರಿಸಿದ ಮೇಲೆ ಆ ಸಾಲು ಮಾತ್ರ ಹೋಯಿತು. ಬಿಲ್ಲಿನಲ್ಲಿ ಇರಲೇಬೇಕಾದ, ಆಹಾರ ಲೈಸೆನ್ಸಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಹುಡುಕಿದರೂ ಸಿಗಲಿಲ್ಲ.

ರಾತ್ರಿ ಮನೆಗೆ ಬಂದು ಒಲೆ ಹಚ್ಚಿ ಅಕ್ಕಿ ರೊಟ್ಟಿ ತಟ್ಟಿದೆ. ಸಿಎ ಪಾಸಾದವಳು ಎಣ್ಣೆಗಾಯಿ ಜೊತೆ ರೊಟ್ಟಿ ತಿಂದು ಮಲಗಿದಳು.

ಮಾರನೇ ದಿನದಿಂದ ವಾಟ್ಸಾಪ್ ಶುರು. ನಾನು ಫೋಟೋ ಸಮೇತ ಉದ್ದಕ್ಕೆ ಬರೆದರೆ ಆ ಕಡೆಯಿಂದ "ನೋಟೆಡ್ ಮೇಡಂ." ಅಷ್ಟೇ. ಹಣ ಕೇಳಿದರೆ "ಅಡ್ವಾನ್ಸ್ ನಾನ್ ರೀಫಂಡಬಲ್, ನಮ್ಮ ಪಾಲಿಸಿ." ಪಾಲಿಸಿ ಎಲ್ಲಿ ಬರೆದಿದೆ ಅಂದರೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಕೊನೆಗೆ ಒಂದು ಆಫರ್. ಮುಂದಿನ ಸಲ ಬಂದರೆ ಶೇ. 10 ಡಿಸ್ಕೌಂಟ್! ಮುಂದಿನ ಸಲ ಅಂತೆ!

ನೀವು ಬುಕ್ ಮಾಡುವವರಿದ್ದರೆ, ಶೆಫ್ ಅವತ್ತು ಇರುತ್ತಾರಾ, ಸುಶಿ ಅಲ್ಲೇ ಕಟ್ಟುತ್ತಾರಾ, ಇಲ್ಲದಿದ್ದರೆ ಹಣ ವಾಪಸ್ ಕೊಡುತ್ತಾರಾ, ಇಷ್ಟನ್ನ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಫೋನಿನ ಮಾತು ಯಾವ ಲೆಕ್ಕಕ್ಕೂ ಬರಲ್ಲ. ಮೊದಲೇ ಇಬ್ಬರು ಹೋಗಿ ಒಂದು ಪ್ಲೇಟ್ ತಿಂದು ನೋಡಿ. ವೆಜ್ ಅಂದರೆ ದಾಶಿ ಏನು ಅಂತ ಕೇಳಿ. ಅಡ್ವಾನ್ಸ್ ಸಾವಿರಕ್ಕಿಂತ ಜಾಸ್ತಿ ಕೇಳಿದರೆ ಸುಮ್ನೆ ಬಿಟ್ಟುಬಿಡಿ.

ನಾವು 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದ್ದೇವೆ. ಇದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿಗೆ ಹೋಗೋದು. ಕಾಗದ ಪತ್ರ ಎಲ್ಲ ಮಗಳೇ ಜೋಡಿಸಿಟ್ಟಿದ್ದಾಳೆ. ದೂರು ಹೋದ ಮೇಲೆ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡಿದರು. "ಮೇಡಂ, ಗೂಗಲ್ಲಲ್ಲಿ ಹಾಕಿರೋ ರಿವ್ಯೂ ತೆಗೆದ್ರೆ ಅರ್ಧ ದುಡ್ಡಿನ ಬಗ್ಗೆ ಮಾತಾಡ್ಬಹುದು." ಪೂರ್ತಿ ದುಡ್ಡು ಬರಲಿ, ತಮ್ಮನ ಹೆಂಡತಿಗೆ ನೀವೇ ಫೋನ್ ಮಾಡಿ ಕ್ಷಮೆ ಕೇಳಿ, ಆಮೇಲೆ ರಿವ್ಯೂ ಮಾತು ಅಂದೆ. "ಚೆಕ್ ಮಾಡಿ ಹೇಳ್ತೀನಿ ಮೇಡಂ" ಅಂತ ಇಟ್ಟವರು ಇನ್ನೂ ಚೆಕ್ ಮಾಡುತ್ತಲೇ ಇದ್ದಾರೆ.