ಚೌಕಿಪೇಟೆ ಹೊಲಿಗೆ ಮಿಷನ್ ರಿಪೇರಿ ಅಂಗಡಿ: ಮಕ್ಕಳ ಕೈಗೇ ಸ್ಕ್ರೂಡ್ರೈವರ್ ಕೊಡೋ ಚಾಚಾ

ದಾವಣಗೆರೇಲಿ ಹಳೇ ಹೊಲಿಗೆ ಮಿಷನ್ ರಿಪೇರಿಗೆ ಯಾರಿದ್ದಾರೆ ಅಂತ ಕೇಳೋರಿಗೆ ಇದು. ಚೌಕಿಪೇಟೆ ಒಳಗೆ ಒಂದು ಗಲ್ಲೀಲಿ ಬೋರ್ಡೂ ಇಲ್ಲದ ಪುಟ್ಟ ಅಂಗಡಿ, ಹೊರಗೆ ಕಪ್ಪು ಮಿಷನ್ ಹೆಡ್‌ಗಳ (ಸೂಜಿ ಇರೋ ಮೇಲಿನ ಭಾಗ) ಸಾಲು ಕಂಡ್ರೆ ಅದೇ, ಅಲ್ಲಿ ಕೂತಿರೋರನ್ನ ಎಲ್ರೂ ಚಾಚಾ ಅಂತಾರೆ. ರಿಪೇರಿ ಚೆನ್ನಾಗೇ ಮಾಡ್ತಾರೆ, ಆದ್ರೆ ನಾನು ಐದಕ್ಕೆ ಐದು ಸ್ಟಾರ್ ಕೊಡ್ತಿರೋದು ನನ್ನ ಮಕ್ಕಳಿಗೆ ಕೆಲಸ ಕಲಿಸಿದ್ದಕ್ಕೆ.

ನಮ್ಮತ್ತೆದು ಕಾಲಲ್ಲಿ ತುಳಿಯೋ ಉಷಾ ಮಿಷನ್. ಊರಿನ ಹತ್ತಿ ಮಿಲ್ಲುಗಳು ಮುಚ್ಚಿ ಮಾವನ ಕೆಲಸ ಹೋದಾಗ ಅತ್ತೆ ಇದರಲ್ಲೇ ಲಂಗ, ಬ್ಲೌಸ್ ಹೊಲಿದು ಮನೆ ನಡೆಸಿದ್ರು. ಆಮೇಲೆ ಹಿತ್ತಲ ರೂಮಲ್ಲಿ ತುಕ್ಕು ಹಿಡಿದು ಕೂತಿತ್ತು, ಗುಜರಿಗೆ ಹಾಕೋಣ ಅಂತ ಮಾತು ಬಂದಾಗ ಏಳನೇ ಕ್ಲಾಸ್ ಮಗಳು ನಾಲ್ಕನೇ ಕ್ಲಾಸ್ ಮಗ ಇಬ್ರೂ ಬೇಡ ನಾವೇ ರೆಡಿ ಮಾಡ್ತೀವಿ ಅಂತ ಹಠ ಹಿಡಿದ್ರು, ಬೇಸಿಗೆ ರಜೆ ಬೇರೆ.

ಚಾಚಾ ಚಕ್ರ ತಿರುಗಿಸಿ ನೋಡಿದ್ರು, ಅಲ್ಲಾಡ್ಲಿಲ್ಲ. ಯಾರೋ ಕೊಬ್ಬರಿ ಎಣ್ಣೆ ಬಿಟ್ಟಾರೆ ನೋಡ್ರಿ ಅಂದ್ರು. ಅದು ದಿನ ಕಳೆದ ಹಾಗೆ ಅಂಟಾಗಿ ಗಟ್ಟಿಯಾಗಿ ಒಳಗೆಲ್ಲಾ ಹಿಡ್ಕೊಳ್ತದಂತೆ, ತೆಳ್ಳನೆ ಮಿಷನ್ ಎಣ್ಣೆನೇ ಹಾಕ್ಬೇಕು. ಹಾಗಂತ ಹೇಳಿ ಮಿಷನ್ ತಾವು ಇಟ್ಕೊಳ್ದೆ ಮಗನ ಕೈಗೆ ಬ್ರಷ್ಷು, ಒಂದು ಡಬ್ಬೀಲಿ ಸೀಮೆಎಣ್ಣೆ ಕೊಟ್ಟು ಬಟ್ಟೆ ಮುಂದಕ್ಕೆ ತಳ್ಳೋ ಹಲ್ಲಿನ ಸಂದೀಲಿ ಸಿಕ್ಕಿರೋ ನೂಲಿನ ಧೂಳು ಮೊದ್ಲು ತೆಗಿ ಬೇಟಾ ಅಂದ್ರು. ಬಿಚ್ಚಿದ ಸ್ಕ್ರೂಗಳನ್ನ ಬಿಚ್ಚಿದ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಡೋದನ್ನ ಕಲಿಸಿದ್ರು. ಮನೇಲಿ ಒಂದು ಪೆನ್ಸಿಲ್ ಜಾಗಕ್ಕೆ ಇಡದ ಹುಡುಗ!

ಮಗಳಿಗೆ ಬಾಬಿನ್ ಕೇಸ್, ಅಂದ್ರೆ ಕೆಳಗಿನ ದಾರದ ಉರುಳೆ ಕೂರೋ ಪುಟ್ಟ ಡಬ್ಬಿ. ದಾರ ಹಿಡಿದು ಕೇಸನ್ನ ಗಾಳೀಲಿ ತೂಗಾಡಿಸ್ಬೇಕು, ತಾನಾಗೇ ಸರ್ರನೆ ಕೆಳಗಿಳಿದ್ರೆ ಲೂಸು, ಕೈ ಸ್ವಲ್ಪ ಜಗ್ಗಿದ್ರೂ ಜಾರ್ಲಿಲ್ಲ ಅಂದ್ರೆ ಟೈಟು, ಜಗ್ಗಿದಾಗ ಒಂಚೂರು ಜಾರಿ ನಿಂತ್ರೆ ಸರಿ. ಕೇಸ್ ಮೇಲಿರೋ ಚಿಕ್ಕ ಸ್ಕ್ರೂವನ್ನ ಕಾಲು ಸುತ್ತಿಗಿಂತಾ ಕಮ್ಮಿ ತಿರುಗಿಸಿ ಮತ್ತೆ ಮತ್ತೆ ತೂಗಾಡಿಸಿ ಅವಳೇ ಹದ ಹಿಡಿದ್ಲು. ಬಟ್ಟೆ ಕೆಳಗೆ ಕುಣಿಕೆ ಕುಣಿಕೆಯಾಗಿ ದಾರ ಬಂದ್ರೆ ಮೇಲಿನ ದಾರ ನೋಡ್ಬೇಕು, ದಾರ ಹಾಕೋವಾಗ ಬಟ್ಟೆ ಒತ್ತಿ ಹಿಡಿಯೋ ಮಿಷನ್ ಪಾದ ಮೇಲೆತ್ತಿರ್ಬೇಕು, ಇಲ್ಲಾಂದ್ರೆ ದಾರ ಬಿಗಿ ಹಿಡಿಯೋ ಟೆನ್ಷನ್ ತಟ್ಟೆಗಳ ನಡುವೆ ದಾರ ಕೂರಲ್ಲ. ಈಗ ನನಗೇ ಪಾಠ ಮಾಡ್ತಾಳೆ.

ಮರದ ಟೇಬಲ್ಲು, ಕಬ್ಬಿಣದ ಸ್ಟ್ಯಾಂಡು ಮನೇಲೇ ಸರಿ ಮಾಡ್ಕೊಂಡ್ವಿ. ಸ್ಯಾಂಡ್‌ಪೇಪರ್ ಮರದ ಎಳೆ ಹೋಗೋ ದಿಕ್ಕಿಗೇ ಉಜ್ಜಿ, ಸ್ಟ್ಯಾಂಡಿಗೆ ವೈರ್ ಬ್ರಷ್ ಹೊಡೆದು ರೆಡ್ ಆಕ್ಸೈಡ್ ಮೇಲೆ ಕಪ್ಪು ಪೇಂಟ್. ಹೆಡ್ ಮೇಲಿನ ಬಂಗಾರದ ಹೂವಿನ ಚಿತ್ರ ಮಾತ್ರ ಥಿನ್ನರ್ ಹಾಕಿ ಒರೆಸ್ಬೇಡಿ, ಎದ್ದು ಹೋಗ್ತದೆ ಅಂತ ಚಾಚಾ ಮೊದ್ಲೇ ಎಚ್ಚರಿಸಿದ್ರು. ಅತ್ತೆ ಕುರ್ಚಿ ಹಾಕ್ಕೊಂಡು ಕೂತು ಮೊಮ್ಮಕ್ಕಳಿಗೆ ದಾರ ಇಲ್ಲದೆ ರೂಲ್ ಹಾಕಿದ ನೋಟ್‌ಬುಕ್ ಹಾಳೆ ಮೇಲೆ ಗೆರೆ ಹಿಡಿದು ತುಳಿಯೋದು ಅಭ್ಯಾಸ ಮಾಡಿಸಿದ್ರು, ಚಕ್ರ ಯಾವಾಗ್ಲೂ ನಮ್ ಕಡೆಗೇ ತಿರುಗ್ಬೇಕು ಅಂತ ಬೈದೂ ಬೈದೂ. ಎಷ್ಟೋ ವರ್ಷ ಆದ್ಮೇಲೆ ಅವರು ಅಷ್ಟು ಗಟ್ಟಿಯಾಗಿ ಬೈದಿದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು.

ಮಗ ಹೊಲಿದ ಮೊದಲ ವಸ್ತು ಸಂತೆ ಚೀಲ, ಹಿಡಿ ಸ್ವಲ್ಪ ಸೊಟ್ಟ, ತರಕಾರಿ ಅದರಲ್ಲೇ ತರ್ತೀವಿ.

ಕೊರತೆ ಅಂದ್ರೆ ಜಾಗ ತುಂಬಾ ಇಕ್ಕಟ್ಟು, ಇಬ್ರಿಗಿಂತ ಜಾಸ್ತಿ ಜನ ನಿಲ್ಲಕ್ಕಾಗಲ್ಲ, ನಾಳೆ ಅಂದಿದ್ದು ನಾಡಿದ್ದು ಆಗ್ತದೆ, ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರ್ತಾರೆ. ಪಾರ್ಟು ಲೋಕಲ್ಲೋ ಕಂಪನೀದೋ ಅಂತ ಮೊದ್ಲೇ ಹೇಳ್ತಾರೆ, ಆ ವಿಷಯದಲ್ಲಿ ನಂಬ್ಬೋದು. ನಮಗೆ ಬೆಲ್ಟು, ಶಟಲ್ (ಕೆಳಗಿನ ದಾರಕ್ಕೆ ಮೇಲಿನ ದಾರ ಸುತ್ತಿಸೋ ಪಾರ್ಟು), ಸೂಜಿ, ಎಣ್ಣೆ ಎಲ್ಲಾ ಸೇರಿ 800 ರೂಪಾಯಿ ಒಳಗೇ ಮುಗೀತು, ಕಲಿಸಿದ್ದಕ್ಕೆ ಒಂದು ಪೈಸೆ ತಗೊಳ್ಲಿಲ್ಲ.

ಹೋಗೋರು ಬೆಳಗ್ಗೆ ಗಿರಾಕಿ ಕಮ್ಮಿ ಇದ್ದಾಗ ಹೋಗಿ, ಮಕ್ಕಳನ್ನ ಕರ್ಕೊಂಡೇ ಹೋಗಿ. ಸ್ಟ್ಯಾಂಡ್ ಹೊರೋದು ಬೇಡ, ಹೆಡ್ ಒಂದೇ ಸಾಕು, ಬೆಲ್ಟ್ ಬೇಕಿದ್ರೆ ಮೇಲಿನ ಚಕ್ರ ಕೆಳಗಿನ ಚಕ್ರ ಎರಡಕ್ಕೂ ಸುತ್ತಿ ಒಂದು ದಾರದಲ್ಲಿ ಅಳತೆ ತಗೊಂಡ್ ಹೋಗ್ರಿ.